ತವರಿಲ್ಲದವರ ತವರು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ನಮ್ಮ ಕಡೆ ಹೆಣ್ಣುಮಗಳಿಗೆ ದಣಿವಾದರೆ ತವರಿಗೆ ಹೋಗುತ್ತಾಳೆ. ಬೇಸಿಗೆಯಲ್ಲಿ ಸಾಲಿ ಸೂಟಿ ಬಿಟ್ಟ ಮರುದಿವಸ ಬಸ್‌ಸ್ಟ್ಯಾಂಡಿನಲ್ಲಿ ನೋಡಿರಿ. ಕೈಯಲ್ಲೊಂದು ಚೀಲ, ಬಗಲಲ್ಲೊಂದು ಕೂಸು, ಸೆರಗು ಹಿಡಿದುಕೊಂಡು ಇನ್ನೊಂದು. ಎಂಟು ದಿವಸ ಬೇರೆಯವರು ಮಾಡಿದ ಅಡಿಗೆ ಉಂಡು, ಮಧ್ಯಾಹ್ನ ಒಂದು ತಾಸು ಮಲಗಿ ಎದ್ದರೆ ಆಕೆಗೆ ವರ್ಷಕ್ಕಾಗುವಷ್ಟು ತ್ರಾಣ ಬರುತ್ತದೆ. ಅಲ್ಲಿ ಅಜ್ಜಿ ಮೊಮ್ಮಕ್ಕಳನ್ನು ಕೆಡಿಸಿ ಕಳಿಸುತ್ತಾಳೆ, ಅದು ಬೇರೆ ಮಾತು. ಆದರೆ ತವರೇ ಇಲ್ಲದವಳ ಗತಿ ಏನು? ಇದ್ದ ಮನೆಯೂ ಕೈಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಯಾವುದೋ ಆಶ್ರಯಧಾಮದ ಒಂದೇ ಕೋಣೆಯಲ್ಲಿ ದಿನ ನೂಕುವವಳು ಎಲ್ಲಿಗೆ ಹೋಗಬೇಕು?

ಇವತ್ತು ಈ ಮಾತು ತೆಗೆಯಲಿಕ್ಕೆ ಕಾರಣವಿದೆ. ನಮ್ಮ ಮಠದ ಭಕ್ತರೊಬ್ಬರ ಮಗಳು ಅಮೇರಿಕೆಯ ಶಿಕಾಗೋ ಪಟ್ಟಣದಲ್ಲಿ ಓದುತ್ತಾಳೆ. ಹೋದ ತಿಂಗಳು ದರ್ಶನಕ್ಕೆ ಬಂದಿದ್ದಳು. "ಸೂಟಿಯೊಳಗ ಏನು ಮಾಡಿದಿ ತಂಗಿ?" ಎಂದು ಕೇಳಿದೆವು. "ಅಜ್ಜಾರ, ತಾಯಿ-ಮಕ್ಕಳ ಬೇಸಿಗೆ ಶಿಬಿರದಾಗ ಕೌನ್ಸೆಲರ್ ಆಗಿದ್ದೆ" ಅಂದಳು. ಕೌನ್ಸೆಲರ್ ಅಂದರೆ ಬುದ್ಧಿ ಹೇಳುವವರು ಎಂದು ನಾವು ತಿಳಿದಿದ್ದೆವು. ಹಾಗಲ್ಲವಂತೆ. ಶಿಬಿರದಲ್ಲಿ ಮಕ್ಕಳ ಜೊತೆಗಿದ್ದು, ಆಡಿಸಿ, ಉಣ್ಣಲು ಕೂಡಿಸಿ, ನೀರಿಗಿಳಿದರೆ ಕಾವಲಿದ್ದು, ಬಿದ್ದು ಮೊಣಕಾಲು ಕೆತ್ತಿಕೊಂಡರೆ ತೊಳೆದು ಔಷಧ ಹಚ್ಚುವ ಸ್ವಯಂಸೇವಕರಿಗೆ ಆ ಹೆಸರು. ರಾತ್ರಿ ಮಕ್ಕಳು ತಾಯಿಯ ಹತ್ತಿರವೇ ಮಲಗುತ್ತಾರೆ. ಹಗಲು ಇವರ ಪಾಲು, ತಾಯಿಗೆ ತುಸು ಬಿಡುವು ಸಿಗಲಿ ಎಂದು. ಬುದ್ಧಿ ಹೇಳುವ ಕೆಲಸ ಅದರಲ್ಲಿ ಬಹಳ ಕಡಿಮೆ. ನಮ್ಮಂಥವರಿಗೆ ಆ ಉದ್ಯೋಗ ಸಿಗಲಿಕ್ಕಿಲ್ಲ!

ಆ ಪಟ್ಟಣಕ್ಕೆ ಈ ಕೆಲಸ ಹೊಸದಲ್ಲ. 1889ರಲ್ಲಿ ಜೇನ್ ಆಡಮ್ಸ್ ಎಂಬ ಹೆಣ್ಣುಮಗಳು ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ ಶಿಕಾಗೋದ ಬಡವರ ಓಣಿಯಲ್ಲಿ 'ಹಲ್ ಹೌಸ್' ಎಂಬ ಮನೆ ಹೂಡಿ ನಿಂತಳು. ಸುತ್ತಲೂ ಇಟಲಿ, ಗ್ರೀಸ್, ರಶಿಯಾ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗೆ ಬಂದ ಜನ. ದೂರದಿಂದ ದಾನ ಕಳಿಸಲಿಲ್ಲ, ಅವರ ನಡುವೆಯೇ ಇದ್ದಳು. 1931ರಲ್ಲಿ ಆಕೆಗೆ ನೊಬೆಲ್ ಶಾಂತಿ ಪಾರಿತೋಷಕ ಬಂತು. 1912ರಲ್ಲಿ ಲೂಯಿಸ್ ಬೋವೆನ್ ಎಂಬ ಶ್ರೀಮಂತ ತಾಯಿ, ತೀರಿಹೋದ ಯಜಮಾನರ ನೆನಪಿಗಾಗಿ, ಶಿಕಾಗೋದ ಉತ್ತರಕ್ಕಿರುವ ವಾಕೀಗನ್ ಎಂಬಲ್ಲಿ 72 ಎಕರೆ ಜಾಗವನ್ನು ಹಲ್ ಹೌಸಿಗೆ ಕೊಟ್ಟಳು. ಹೊಗೆ, ಧೂಳಿನ ಓಣಿಯ ಮಕ್ಕಳು, ತಾಯಂದಿರು ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಇದ್ದು ಬರುತ್ತಿದ್ದರು. ಸುಮಾರು 50 ವರ್ಷ ಅದು ನಡೆಯಿತು. ಈಗ ಆ ಜಾಗ ಊರಿನ ಸಾರ್ವಜನಿಕ ಉದ್ಯಾನವಾಗಿದೆ.

ಬರೇ ಮಕ್ಕಳನ್ನು ಕರೆದೊಯ್ಯುವ ಪದ್ಧತಿ ಅದಕ್ಕೂ ಹಿಂದಿನದು. 1877ರಲ್ಲಿ ವಿಲ್ಲರ್ಡ್ ಪಾರ್ಸನ್ಸ್ ಎಂಬ ಪಾದ್ರಿ ನ್ಯೂಯಾರ್ಕಿನ ಬಡ ಮಕ್ಕಳನ್ನು ಪೆನ್ಸಿಲ್ವೇನಿಯಾದ ತನ್ನ ಹಳ್ಳಿಯ ಜನರ ಮನೆಗಳಿಗೆ ಕರೆಸಿದ. ದೊಡ್ಡ ಕೆಲಸವೇ ಸರಿ. ಆದರೆ ಕೂಸು ಹಾಲು-ಬೆಣ್ಣೆ ಉಂಡು ಮರಳಿ ಬಂದಾಗ ತಾಯಿ ಅದೇ ಕತ್ತಲೆ ಕೋಣೆಯಲ್ಲಿ, ಅದೇ ದಣಿವಿನಲ್ಲಿ ಕೂತಿರುತ್ತಾಳಲ್ಲ! ಆದ್ದರಿಂದ ತಾಯಿಯನ್ನೂ ಕರೆಯಬೇಕು. ಕರೆದ ಮೇಲೆ ಇನ್ನೊಂದು ಕಷ್ಟ ಸುರುವಾಗುತ್ತದೆ. ಅದನ್ನೇ ಈ ಹುಡುಗಿ ನಮಗೆ ಹೇಳಿದ್ದು.

"ಅಜ್ಜಾರ, ನನ್ನಿಂದ ಒಂದು ತಪ್ಪಾತು" ಅಂದಳು. ನಾಲ್ಕು ವರ್ಷದ ಒಬ್ಬ ಹುಡುಗ. ಊಟಕ್ಕೆ ಕೂತರೆ ಹಟ. ತಾಯಿ ಗದರಿಸುತ್ತಿದ್ದಳು. ಈಕೆ ಕತೆ ಹೇಳಿ, ನಗಿಸಿ ಉಣಿಸಿದಳು. ಮೂರು ದಿವಸದಲ್ಲಿ ಕೂಸು ಈಕೆಗೆ ಅಂಟಿಕೊಂಡಿತು. ನಾಲ್ಕನೆಯ ದಿವಸ ಊಟದ ಹಾಲಿನಲ್ಲಿ ತಾಯಿ ಚಮಚೆ ಹಿಡಿದರೆ ಅದನ್ನು ತಳ್ಳಿ, ಈಕೆಯೇ ಬೇಕೆಂದು ಚೀರಿತು. ಸುತ್ತಲಿನವರು ನಕ್ಕರು. ಈಕೆಯೂ ನಕ್ಕು, ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಉಣಿಸಿದಳು. "ಖರೇ ಹೇಳತೇನಿ ಅಜ್ಜಾರ, ಆವಾಗ ನನಗ ಬಾಳ ಹೆಮ್ಮೆ ಅನಿಸಿತ್ತು" ಅಂದಳು.

ಆ ರಾತ್ರಿ ನೋಡಿದರೆ ತಾಯಿ ಚೀಲ ಕಟ್ಟಿ ಬಾಗಿಲಲ್ಲಿ ಕೂತಿದ್ದಾಳೆ. ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳಂತೆ. ಯಾಕೆ ಎಂದರೆ, "ಮನೆ ಹೋಯಿತು, ಕೆಲಸ ಹೋಯಿತು. ನನ್ನ ಕಡೆ ಇದೊಂದು ಉಳಿದಿತ್ತು. ಇದನ್ನೂ ನೀನು ತೆಗೆದುಕೊಂಡೆ" ಅಂದಳಂತೆ.

ಬಂಧುಗಳೆ, ಈ ಮಾತು ಕೇಳಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಈಕೆ ಕೆಟ್ಟದ್ದು ಮಾಡಿದ್ದಲ್ಲ, ಕೂಸಿಗೆ ಉಣಿಸಿದ್ದು. ಆದರೆ ಯಾರ ಜಾಗದಲ್ಲಿ ಕೂತು ಉಣಿಸಿದಳು? ಸೇವೆ ಮಾಡುವವರಿಗೆ ತಾವು ಬೇಕಾದವರು ಅನ್ನಿಸಿಕೊಳ್ಳುವ ಹಸಿವು ಒಂದಿರುತ್ತದೆ. ಕಾವಿ ತೊಟ್ಟವರಿಗೂ ಅದು ಬಿಟ್ಟಿದ್ದಲ್ಲ.

ಆಡಮ್ಸ್ 1910ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಸಂಗತಿ ಇದೆ. ಇಟಲಿಯಿಂದ ಬಂದ ಒಬ್ಬ ತಾಯಿ ಹಲ್ ಹೌಸಿನ ಕುಶಲಕರ್ಮದ ಪ್ರದರ್ಶನಾಲಯದಲ್ಲಿ ತಕಲಿಯಿಂದ ನೂಲು ತೆಗೆಯುತ್ತಿದ್ದಳು. ಅದೇ ಸಂಜೆ ಆಕೆಯ ಮಗಳು ಅಲ್ಲಿಯೇ ಅಡಿಗೆ ಕಲಿಯಲು ಬರುತ್ತಿದ್ದಳು. ತಲೆಗೆ ವಸ್ತ್ರ ಕಟ್ಟಿದ, ಒರಟು ಬೂಟಿನ ತಾಯಿಯ ಜೊತೆ ಕಾಣಿಸಿಕೊಳ್ಳಲು ಮಗಳಿಗೆ ನಾಚಿಕೆ. ತಾಯಿಯನ್ನು ಒಂದು ಬಾಗಿಲಲ್ಲಿ ಬಿಟ್ಟು ತಾನು ಇನ್ನೊಂದು ಬಾಗಿಲಿಂದ ಒಳಗೆ ಹೋಗುತ್ತಿದ್ದಳು. ಒಂದು ಸಂಜೆ, ಕಲಿತ ಜನರ ಗುಂಪೊಂದು ತಾಯಿಯ ಸುತ್ತ ನಿಂತು ಆಕೆಯ ನೂಲನ್ನು ಮೆಚ್ಚುವುದನ್ನು ಮಗಳು ಕಂಡಳು. ಆಮೇಲೆ ಆಡಮ್ಸ್ ಆ ಹುಡುಗಿಗೆ ತಾಯಿಯ ಊರಿನ ಬದುಕನ್ನು ಬಿಡಿಸಿ ಹೇಳಿದಳು. ಮುಂದೆ ಮಗಳು ತಾಯಿಯ ಬಾಗಿಲಿಂದಲೇ ಬರತೊಡಗಿದಳು. ಆಡಮ್ಸ್ ಮಗಳಿಗೆ 'ನಾಚಿಕೆಪಡಬೇಡ' ಎಂದು ಉಪದೇಶ ಮಾಡುತ್ತ ಕೂಡ್ರಲಿಲ್ಲ, ನೋಡಿರಿ.

ನಮ್ಮ ಹುಡುಗಿಯೂ ಜಾಣೆಯೇ. ಆ ರಾತ್ರಿ ತಾಯಿಯ ಕ್ಷಮೆ ಕೇಳಿ, ಇನ್ನೊಂದು ದಿವಸ ಇರಿ ಎಂದಳು. ಆ ತಾಯಿಗೆ ಎಳೆ ಎಳೆಯಾಗಿ ಹೆರಳು ಹಾಕುವ ಕೈಚಳಕ ಇತ್ತಂತೆ. ಬೆಳಿಗ್ಗೆ ಈಕೆಯೇ ಹೋಗಿ ಆಕೆಯ ಮುಂದೆ ತಲೆಗೊಟ್ಟು ಕೂತಳು. ಅದನ್ನು ನೋಡಿ ಶಿಬಿರದ ಹೆಣ್ಣುಮಕ್ಕಳೆಲ್ಲ ಸಾಲು ಹಚ್ಚಿದರು. ಹುಡುಗ ಪಕ್ಕದಲ್ಲಿ ನಿಂತು ಬಂದವರಿಗೆಲ್ಲ "ಇವಳು ನಮ್ಮ ಅವ್ವ" ಎಂದು ಹೇಳುತ್ತಿದ್ದನಂತೆ.

"ಆ ರಾತ್ರಿ ಯಾರ ಕೈಲೆ ಉಂಡ?" ಎಂದು ಕೇಳಿದೆವು.

"ಯಾರ ಕೈಲೂ ಇಲ್ಲ ಅಜ್ಜಾರ. ನಾನು ದೂರ ಕುಂತಿದ್ದೆ. ಅವ್ವನ ಮಗ್ಗಲ ಕುಂತು ತಾನೇ ಉಂಡ. ಅರ್ಧ ಚೆಲ್ಲಿದ" ಅಂದಳು.

ಬರುವ ಬೇಸಿಗೆಗೆ ನಮ್ಮ ಮಠದ ಮಕ್ಕಳ ಶಿಬಿರ ನಡೆಯತಕ್ಕದ್ದಿದೆ. ಪ್ರತಿ ವರ್ಷ ತಾಯಂದಿರು ಅಗಸಿಯಲ್ಲಿ ಮಕ್ಕಳನ್ನು ಬಿಟ್ಟು ಹೊರಳಿ ಹೋಗುತ್ತಾರೆ. ಈ ಸಲ ಕೂಲಿನಾಲಿ ಮಾಡುವ, ತವರಿಲ್ಲದ ಹತ್ತು ಮಂದಿ ತಾಯಂದಿರು ಒಳಗೆ ಬಂದು ಇರಲಿ ಎಂಬ ಮನಸ್ಸಾಗಿದೆ. ದಾಸೋಹದ ಮನೆಯವರಿಗೆ ಈಗಲೇ ಹೇಳಿಡುತ್ತೇವೆ: ಅವರ ಕೈಗೆ ರೊಟ್ಟಿ ಹಿಟ್ಟು ಕೊಡಬಾರದು. ಅವರು ಎದ್ದು ಬಂದರೂ ಕೂಡಿಸಿ ನೀಡಬೇಕು. ಮಕ್ಕಳ ಜೊತೆ ಇರಬಯಸುವ ತರುಣ-ತರುಣಿಯರು ಕಚೇರಿಯಲ್ಲಿ ಹೆಸರು ಬರೆಸಿರಿ. ಗಂಡಸರೂ ಬರೆಸಬಹುದು. ಭಾಂಡೆ ತಿಕ್ಕಲಿಕ್ಕೆ ಮಂದಿ ಸಾಲದು.