ಗಣಿತದ ಟೀಚರ್ ಯಾಕೆ ಉಳೀತಾರೆ?

ನಾನು ಪುಣೆಯ ಒಂದು ಶಾಲೇಲಿ ಹನ್ನೊಂದು ವರ್ಷದಿಂದ ಗಣಿತ ಕಲಿಸ್ತಿದ್ದೀನಿ. ಐಟಿಯಲ್ಲಿರೋ ನಮ್ಮ ಕನ್ನಡದವರು ಸಿಕ್ಕಾಗೆಲ್ಲ ಕೇಳೋದು ಒಂದೇ: "ಮೇಡಂ, ಈ ಸಂಬಳದಲ್ಲಿ ಹೇಗೆ ಉಳ್ಕೊಂಡ್ರಿ?"

ಸಂಬಳ ಬೇಕು, ಬಾಡಿಗೆ ಕಟ್ಟಬೇಕಲ್ಲ. ಆದರೆ ಅದೊಂದೇ ಕಾರಣ ಅಲ್ಲ. ಅಮೆರಿಕದಲ್ಲಿ ರಿಚರ್ಡ್ ಇಂಗರ್ಸಾಲ್ ಮತ್ತು ಹೆನ್ರಿ ಮೇ ಇದನ್ನೇ ಹುಡುಕಿಕೊಂಡು ಹೋಗಿ, 2012ರಲ್ಲಿ ಅಧ್ಯಯನ ಪ್ರಕಟಿಸಿದರು. ಅಲ್ಲಿ ನಗರದ, ಬಡ ಮಕ್ಕಳೇ ಹೆಚ್ಚಿರೋ ಸರ್ಕಾರಿ ಶಾಲೆಗಳಿಂದ ಗಣಿತ, ವಿಜ್ಞಾನದ ಟೀಚರ್‌ಗಳು ಹೆಚ್ಚಾಗಿ ಬಿಟ್ಟು ಹೋಗ್ತಾರೆ. ವಿಜ್ಞಾನದವರ ವಿಷಯದಲ್ಲಿ ಸಂಬಳದ ಪ್ರಭಾವ ದೊಡ್ಡದು. ಗಣಿತದವರಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ: ತನ್ನ ತರಗತೀಲಿ ಹೇಗೆ ಕಲಿಸಬೇಕು ಅನ್ನೋದನ್ನ ತಾನೇ ನಿರ್ಧರಿಸೋ ಸ್ವಾತಂತ್ರ್ಯ.

ಇದರ ಅರ್ಥ ಏನು? ಆರನೇ ಕ್ಲಾಸಿನ ಮಗು ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಐದರಲ್ಲಿ ಎರಡು ಅಂತ ಬರೆಯತ್ತೆ. ಮೇಲೆ ಮೇಲೆ ಕೂಡಿಸ್ತು, ಕೆಳಗೆ ಕೆಳಗೆ ಕೂಡಿಸ್ತು. ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೇಗಾಗತ್ತೆ? ಇದನ್ನ ಮಗುವೇ ಕಂಡುಕೊಳ್ಳೋಕೆ ಮೂರು ದಿನ ಬೇಕು. ಆದರೆ ವೇಳಾಪಟ್ಟಿ ಪ್ರಕಾರ ನಾಳೆ ದಶಮಾಂಶ ಶುರುವಾಗಬೇಕು. ಈ ಅಡಿಪಾಯ ಹೋದ್ರೆ ಎಂಟನೇ ಕ್ಲಾಸಿನ ಬೀಜಗಣಿತವೂ ಕುಸಿಯತ್ತೆ.

ನಾನು ಮೊದಲು ಕೆಲಸ ಮಾಡಿದ ಶಾಲೇಲಿ ಆ ಮೂರು ದಿನ ಸಿಗಲಿಲ್ಲ, ಬಿಟ್ಟೆ. ಇಲ್ಲಿನ ಮುಖ್ಯೋಪಾಧ್ಯಾಯಿನಿ, "ನಿಮ್ಮ ಕ್ಲಾಸು, ನೀವು ನೋಡ್ಕೊಳ್ಳಿ" ಅಂದರು. ಉಳ್ಕೊಂಡೆ.

ಇನ್ನೊಂದು, ಜೊತೆಗಾರರು. ಗಣಿತಜ್ಞ ಜಿಮ್ ಸೈಮನ್ಸ್ 2004ರಲ್ಲಿ ನ್ಯೂಯಾರ್ಕ್‌ನಲ್ಲಿ 'ಮ್ಯಾಥ್ ಫಾರ್ ಅಮೆರಿಕ' ಶುರುಮಾಡಿದರು. ಅನುಭವಿ ಟೀಚರ್‌ಗಳಿಗೆ ಸಂಬಳದ ಮೇಲೆ ಹಣವನ್ನೂ ಕೊಡ್ತಾರೆ, ಸಂಜೆ ಸೇರಿ ಗಣಿತ ಮಾಡೋಕೆ ಜಾಗವನ್ನೂ ಕೊಡ್ತಾರೆ. ನಾವೂ ನಾಲ್ಕು ಜನ ಶನಿವಾರ ಚಹಾ ಕುಡೀತಾ ಒಂದು ಲೆಕ್ಕ ಹಿಡಿದು ಕೂರ್ತೀವಿ. ಅದು ಇಡೀ ವಾರಕ್ಕೆ ಸಾಕು.

ನಿಮಗಿದು ಹೊಸದೇನಲ್ಲ. ಪ್ರತಿ ಸಾಲು ಕೋಡಿಗೂ ಮ್ಯಾನೇಜರ್ ಹೆಗಲ ಮೇಲಿಂದ ಇಣುಕಿದ್ರೆ ನೀವೂ ರೆಸ್ಯೂಮೆ ತೆಗೀತೀರಿ. ಹಾಗಾಗಿ ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ "ಪೋರ್ಷನ್ ಎಲ್ಲಿಗೆ ಬಂತು?" ಅಂತ ಕೇಳೋ ಮುಂಚೆ, "ನನ್ನ ಮಗು ಎಲ್ಲಿ ಎಡವ್ತಿದೆ, ನಿಮಗೆ ಇನ್ನೆಷ್ಟು ದಿನ ಬೇಕು?" ಅಂತ ಕೇಳಿ. ಆ ಮಾತು ಪ್ರಿನ್ಸಿಪಾಲರ ಕಿವಿಗೂ ಬೀಳಲಿ.