ತಾಳೆಗರಿಯ ರಂಧ್ರವೂ ಎರಡೂವರೆ ಅಂಗುಲದ ಪೆಟ್ಟಿಗೆಯೂ



ಗುಜರಾತಿನ ಪ್ರಾಚೀನ ಜೈನ ಹಸ್ತಪ್ರತಿಗಳನ್ನು (ಅಹಮದಾಬಾದಿನ ಲಾಲ್‌ಭಾಯಿ ದಲಪತ್‌ಭಾಯಿ ವಿದ್ಯಾಮಂದಿರದಲ್ಲಿ ಇಂಥವುಗಳ ದೊಡ್ಡ ಸಂಗ್ರಹವೇ ಉಂಟು) ಬಿಚ್ಚಿ ನೋಡುವವರಿಗೆ ಒಂದು ವಿಚಿತ್ರ ಗೋಚರಿಸುತ್ತದೆ. 14ನೆಯ ಶತಮಾನದ ಸುಮಾರಿಗೆ ತಾಳೆಗರಿಯನ್ನು ತೊರೆದು ಕಾಗದಕ್ಕೆ ಬಂದ ಲಿಪಿಕಾರರು, ಯಾವ ಅಳತೆಗಾದರೂ ಒಗ್ಗಬಹುದಾಗಿದ್ದ ಆ ಕಾಗದವನ್ನು ಗರಿಯಂತೆಯೇ ನೀಳವಾಗಿ ಕತ್ತರಿಸಿದರು. ಗರಿಗಳನ್ನು ದಾರದಲ್ಲಿ ಪೋಣಿಸಲು ಬೇಕಾಗಿದ್ದ ರಂಧ್ರವು ಈಗ ಅನವಶ್ಯಕವಾಗಿದ್ದರೂ, ಅದರ ಸ್ಥಾನದಲ್ಲಿ ಅಕ್ಷರವಿಲ್ಲದ ಚೌಕವೊಂದನ್ನು ಬಿಟ್ಟು, ಎಷ್ಟೋ ವೇಳೆ ಅದರ ನಡುವೆ ಬಣ್ಣದ ಬೊಟ್ಟನ್ನೂ ಇಟ್ಟರು. ಗಣಕಯಂತ್ರದ ಸರಕನ್ನೆಲ್ಲ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಸಾಗಿಸುವ ಕಾರ್ಯದ ಚರಿತ್ರೆಯನ್ನು ಹೇಳಹೊರಟಾಗ ಈ ಬೊಟ್ಟು ನೆನಪಿಗೆ ಬರುವುದು ಅಕಾರಣವಲ್ಲ.

1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಪ್ರಪ್ರಥಮ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ವ್ಯಾಸದ 50 ತಟ್ಟೆಗಳಿದ್ದು, ಟನ್ನು ಮೀರಿದ ಆ ಭಾರವು ಧಾರಣ ಮಾಡುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ತಟ್ಟೆ ಕ್ರಮೇಣ ಅಂಗೈಗಿಂತಲೂ ಕಿರಿದಾಯಿತಾದರೂ ತತ್ತ್ವ ಬದಲಾಗಲಿಲ್ಲ: ಕಾಂತಲೇಪವುಳ್ಳ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರಬೇಕು, ಓದುವ ಮೊನೆ ಅದನ್ನು ಮುಟ್ಟದೆ ಮೇಲೆ ತೇಲುತ್ತಿರಬೇಕು, ಬೇಕಾದ ಭಾಗ ಮೊನೆಯ ಕೆಳಗೆ ಬರುವ ತನಕ ಯಂತ್ರ ಕಾದಿರಬೇಕು. ಈ ಕಾಯುವಿಕೆಯನ್ನು ನಿವಾರಿಸಿದ್ದು ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುಓಕ 1984ರಲ್ಲಿ ಲೋಕಕ್ಕೆ ತಿಳಿಸಿದ ಫ್ಲ್ಯಾಶ್ ಮೆಮೊರಿ; ಅದರಲ್ಲಿ ತಿರುಗುವುದೇನೂ ಇಲ್ಲ, ಸಿಲಿಕಾನಿನ ಸೂಕ್ಷ್ಮಕೋಶಗಳಲ್ಲಿ ಬಂಧಿತವಾದ ಎಲೆಕ್ಟ್ರಾನುಗಳೇ ಅದರ ಬರವಣಿಗೆ. ಎಲೀ ಹರಾರಿ, ಜಾಕ್ ಯುಆನ್ ಮತ್ತು ಕಾನ್ಪುರದಲ್ಲಿ ಜನಿಸಿದ ಸಂಜಯ್ ಮೆಹ್ರೋತ್ರಾ ಕೂಡಿ 1988ರಲ್ಲಿ ಸ್ಥಾಪಿಸಿದ ಸಂಸ್ಥೆ, ಮುಂದೆ ಸ್ಯಾನ್‌ಡಿಸ್ಕ್ ಎಂದು ಪ್ರಸಿದ್ಧವಾದದ್ದು, 1991ರಲ್ಲಿ ಇಂಥ ಫ್ಲ್ಯಾಶ್ ಮೆಮೊರಿಯ 20 ಮೆಗಾಬೈಟಿನ ಎಸ್‌ಎಸ್‌ಡಿಯನ್ನು ಸುಮಾರು ಸಾವಿರ ಡಾಲರಿಗೆ ಮಾರಿತು. ಕಟ್ಟಿದ್ದು ಮಾತ್ರ ಹಾರ್ಡ್ ಡಿಸ್ಕಿನ ಎರಡೂವರೆ ಅಂಗುಲದ ಅಳತೆಗೇ.

ಆ ಪೆಟ್ಟಿಗೆಯ ಇಂದಿನ ವಂಶಜವೊಂದನ್ನು ಬಿಚ್ಚಿದರೆ ಅರ್ಧಕ್ಕರ್ಧ ಬರಿದಾಗಿರುವುದುಂಟು. ಹಾರ್ಡ್ ಡಿಸ್ಕಿನ ಈ ವೇಷ ಹೊರಗಿನದಷ್ಟೇ ಅಲ್ಲ. ಗಣಕವು ಇಂದಿಗೂ ತಟ್ಟೆಯ ಕಾಲದ 512 ಬೈಟಿನ ಸೆಕ್ಟರುಗಳೆಂಬ ತುಂಡುಗಳನ್ನು ಸಂಖ್ಯೆ ಹಿಡಿದು ಕೇಳುತ್ತದೆ. ಒಳಗಿನ ಕಂಟ್ರೋಲರು, ಅಂಥ ಸೆಕ್ಟರು ತನ್ನಲ್ಲಿಲ್ಲವೆಂದು ಹೇಳದೆ, ತನ್ನ ಕೋಶಗಳಿಂದ ಅದನ್ನು ಹೊಂದಿಸಿ ಕೊಡುತ್ತದೆ. ಈ ಸೌಜನ್ಯದ ಸುಳ್ಳಿನಿಂದಲೇ ಕ್ಲೋನಿಂಗ್ ಸಾಧ್ಯವಾಗಿರುವುದು: ಹೊಸದನ್ನು ಯುಎಸ್‌ಬಿ ಕೇಬಲ್ಲಿಗೆ ಸಿಕ್ಕಿಸಿ, ಹಳೆಯದರ ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ ನಕಲಿಸಿ, ಎರಡರ ಸ್ಥಾನವನ್ನು ಅದಲುಬದಲು ಮಾಡಿದರೆ, ವಿಂಡೋಸ್ ಏನೂ ನಡೆದಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ. ಆದರೆ ವಿಂಡೋಸ್ ಎಕ್ಸ್‌ಪಿ ಕಾಲದ ಡಿಸ್ಕುಗಳಲ್ಲಿ ಪಾರ್ಟಿಷನ್ 63ನೆಯ ಸೆಕ್ಟರಿನಿಂದ ಆರಂಭವಾಗುತ್ತಿತ್ತು. ಒಂದು ಸುತ್ತಿಗೆ 63 ಸೆಕ್ಟರು ಎಂಬ ಪುರಾತನ ಲೆಕ್ಕದ ಶೇಷವದು. ಅದನ್ನು ಇದ್ದಂತೆಯೇ ನಕಲಿಸಿದಾಗ ಎಸ್‌ಎಸ್‌ಡಿಯ ಒಮ್ಮೆಗೆ ಬರೆಯುವ ಪುಟಗಳ ಎಲ್ಲೆ ತಪ್ಪಿ, ಒಂದು ಕಡೆ ಬರೆಯಬೇಕಾದುದನ್ನು ಎರಡು ಕಡೆ ಬರೆಯಬೇಕಾಗಿ, ವೇಗವೂ ಆಯುಷ್ಯವೂ ಕುಂದುತ್ತಿದ್ದವು. ವಿಂಡೋಸ್ ವಿಸ್ತಾದಿಂದ ಈಚೆಗೆ ಆರಂಭ 2048ನೆಯ ಸೆಕ್ಟರಿಗೆ ಸರಿದುದರಿಂದ ಈ ಪೀಡೆ ಬಹುಮಟ್ಟಿಗೆ ತೀರಿತು. ಲಿಪಿಕಾರನ ಬೊಟ್ಟು ಕಣ್ಣಿಗೆ ಅಂದವಾದರೂ ಆಗಿತ್ತು; ಈ 63ರ ಶೇಷಕ್ಕೆ ಆ ಸಮಾಧಾನವೂ ಇಲ್ಲ.

ಹೊಸದು ಹಳೆಯದರ ವೇಷ ತೊಡುವುದರಲ್ಲಿ ಸೂರತ್ತಿನ ಸೀರೆಯ ಉದ್ಯಮದಲ್ಲಿ ಕೆಲಸಕ್ಕಿರುವ ಕಂಪ್ಯೂಟರ್ ಕಸೂತಿಯಂತ್ರಗಳ ಕಥೆ ಇನ್ನೂ ಸ್ವಾರಸ್ಯದ್ದು. ಇಂಥ ಹಳೆಯ ಯಂತ್ರ ವಿನ್ಯಾಸವನ್ನು ಫ್ಲಾಪಿಯಿಂದ ಓದುತ್ತದೆ. ಫ್ಲಾಪಿ ಸಿಗದಾದಾಗ ಅದೇ ಮೂರೂವರೆ ಅಂಗುಲದ ಕಿಂಡಿಗೆ ಸರಿಯಾಗಿ ಕೂರುವ ಎಮ್ಯುಲೇಟರ್ ಬಂದಿತು. ಅದಕ್ಕೆ ಚುಚ್ಚಿದ ಪೆನ್‌ಡ್ರೈವ್ ಎಷ್ಟೇ ದೊಡ್ಡದಿರಲಿ, ಯಂತ್ರದ ಮುಂದೆ ತಾನು 1.44 ಮೆಗಾಬೈಟಿನ ಫ್ಲಾಪಿಗಳ ಸಾಲೆಂದೇ ನಟಿಸಬೇಕು. ಕೆಲಸಗಾರನು ಗುಂಡಿಯೊತ್ತಿ ಸಂಖ್ಯೆ ಬದಲಿಸಿದರೆ ಫ್ಲಾಪಿ ಬದಲಿಸಿದಂತೆ.

ಸ್ಯಾನ್‌ಡಿಸ್ಕಿನ ಸ್ಥಾಪಕರಲ್ಲೊಬ್ಬರಾದ ಸಂಜಯ್ ಮೆಹ್ರೋತ್ರಾ ಈಗ ಮೈಕ್ರಾನ್ ಸಂಸ್ಥೆಯ ಮುಖ್ಯಸ್ಥರು. 2023ರಲ್ಲಿ ಆ ಸಂಸ್ಥೆಯು ಅಹಮದಾಬಾದಿನ ಸಮೀಪದ ಸಾಣಂದದಲ್ಲಿ, ಸರಕಾರಗಳ ನೆರವೂ ಸೇರಿ 275 ಕೋಟಿ ಡಾಲರು ವೆಚ್ಚದ, ಮೆಮೊರಿ ಚಿಪ್ಪುಗಳನ್ನು ಜೋಡಿಸಿ ಪರೀಕ್ಷಿಸುವ ಕಾರ್ಖಾನೆಯನ್ನು ಘೋಷಿಸಿತು. ನಮ್ಮ ಮೈಸೂರಿನ ಕೇನ್ಸ್ ಸಂಸ್ಥೆಗೂ 2024ರಲ್ಲಿ ಅಲ್ಲಿಯೇ 3,300 ಕೋಟಿ ರೂಪಾಯಿಯ ಚಿಪ್ ಘಟಕಕ್ಕೆ ಅನುಮತಿ ದೊರೆಯಿತು. ಮೈಸೂರಿನವರು ಸಾಬರಮತಿಯ ಸೀಮೆಗೆ ಹೋಗಿ ಉದ್ಯಮ ಹೂಡುವುದನ್ನು ಕಂಡು ಸಂತೋಷಪಡಬೇಕೋ ಮುನಿಯಬೇಕೋ, ಶ್ರೋತೃಗಳೇ ಹೇಳಬೇಕು. ಮೆಮೊರಿ ಚಿಪ್ಪುಗಳಿಂದ ಕಟ್ಟುವ ಹೊಸ ಎಸ್‌ಎಸ್‌ಡಿಗಳು ಬಹುಮಟ್ಟಿಗೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಬರಿಯ ಪಟ್ಟಿಗಳು. ಪೆಟ್ಟಿಗೆಯ ಹಂಗು ಅವಕ್ಕಿಲ್ಲ. 512 ಬೈಟಿನ ಲೆಕ್ಕ ಮಾತ್ರ ಅವುಗಳಲ್ಲಿಯೂ ಸಾಮಾನ್ಯವಾಗಿ ಹಾಗೆಯೇ ನಡೆದಿದೆ.