ಸೊನ್ನೆಗಿಂತ ಕೆಳಗಿನ ಮಣ್ಣು

(ಬಾನುಲಿ ಭಾಷಣ)

ತ್ಯಾವರೆಕೊಪ್ಪವೆಂದರೆ ಕೇಳುಗರಲ್ಲಿ ಹೆಚ್ಚಿನವರಿಗೆ ಸಿಂಹ, ಹುಲಿಗಳೇ ನೆನಪಿಗೆ ಬಂದಾವು. ಶಿವಮೊಗ್ಗೆಯಿಂದ ಸಾಗರದ ಹಾದಿ ಹಿಡಿದು, ಮಕ್ಕಳಿಗೆ ಆ ಮೃಗಗಳನ್ನು ತೋರಿಸಿಕೊಂಡು ಬಂದವರು ಎಷ್ಟೋ ಮಂದಿ. ನನಗೆ ಮಾತ್ರ ಆ ಹೆಸರಿನೊಡನೆ ಕಣ್ಣಿಗೆ ಕಟ್ಟುವುದು ಒಂದು ಗೋಣಿಚೀಲ ಕೆಮ್ಮಣ್ಣು. ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೂವತ್ತಕ್ಕೂ ಮೀರಿದ ವರ್ಷ ಮಣ್ಣಿನ ಪಾಠ ಹೇಳಿದವನು ನಾನು. ಬೆಳೆ ಬೆಳೆಯುವ ಮಣ್ಣಿನ ಪಾಠವಲ್ಲ. ಮನೆ, ಸೇತುವೆ, ಕೆರೆಯೇರಿಗಳನ್ನು ಹೊರುವ ಮಣ್ಣಿನ ಪಾಠ.

ಈ ಶಾಸ್ತ್ರಕ್ಕೆ ವಯಸ್ಸು ಹೆಚ್ಚಿಲ್ಲ. ಟರ್ಜಾಘಿ ಎಂಬ ವಿದ್ವಾಂಸ 1925ರಲ್ಲಿ ವಿಯೆನ್ನಾದಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದ ಮೇಲೆಯೇ ಇದಕ್ಕೊಂದು ಶಾಸ್ತ್ರದ ಮರ್ಯಾದೆ ದೊರೆತದ್ದು. ಇದರ ಪರೀಕ್ಷೆಗಳಾದರೂ ಅಡಿಗೆಮನೆಗೆ ಬಹಳ ಹತ್ತಿರ. ಹಸಿ ಮಣ್ಣನ್ನು ಗಾಜಿನ ಹಲಗೆಯ ಮೇಲೆ ಅಂಗೈಯಿಂದ ಹೊಸೆಯುತ್ತೇವೆ. ಎಳೆ 3 ಮಿಲಿಮೀಟರಿನಷ್ಟು ಸಣ್ಣಗಾಗುವಾಗ ಬಿರಿದು ತುಂಡಾದರೆ ಆಗ ಅದರಲ್ಲಿರುವ ನೀರನ್ನು ಅಳೆಯುತ್ತೇವೆ. ಕೋಡುಬಳೆಯ ಹಿಟ್ಟನ್ನು ಹೊಸೆದವರಿಗೆ ಈ ಬಿರಿತ ಹೊಸದೇನಲ್ಲ. ಸ್ವೀಡನ್ನಿನ ಅಟರ್‌ಬರ್ಗ್ 1911ರಲ್ಲಿ ಇದನ್ನು ಅಂಕಿಗೆ ಇಳಿಸಿದ, ಅಷ್ಟೆ.

ನಾನು ಹೇಳಹೊರಟಿರುವುದು ಬೇರೊಂದು ಪರೀಕ್ಷೆಯ ಕಥೆ. ಹೊನ್ನಾಳಿಯ ಕಡೆಯ ಎರೆಮಣ್ಣನ್ನು ಕಂಡವರಿಗೆ ಗೊತ್ತು, ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಮನೆಯ ಗೋಡೆಯೂ ಜೊತೆಗೇ ಬಿರಿಯುತ್ತದೆ. ಒಂದು ಮಣ್ಣು ಎಷ್ಟು ಉಬ್ಬೀತೆಂದು ಮುಂದಾಗಿ ತಿಳಿಯಲು ಭಾರತೀಯ ಮಾನಕ ಸಂಸ್ಥೆ 1977ರಲ್ಲಿ ಒಂದು ಸರಳ ವಿಧಿಯನ್ನು ಪ್ರಕಟಿಸಿತು. ಎರಡು ಗಾಜಿನ ಅಳತೆ ಜಾಡಿಗಳು. ಒಂದರಲ್ಲಿ ಭಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಎರಡಕ್ಕೂ 10 ಗ್ರಾಂ ಒಣ ಮಣ್ಣು ಸುರಿದು, ಕಲಕಿ, ಒಂದು ದಿನ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲವೆಂದು ನಂಬಿಕೆ. ಆದುದರಿಂದ ನೀರಿನಲ್ಲಿ ಅದು ಎಷ್ಟು ಮೇಲೆ ನಿಂತಿತೋ ಆ ಹೆಚ್ಚಳವೇ ಉಬ್ಬರ.

1982ರಲ್ಲಿ ಒಬ್ಬ ವಿದ್ಯಾರ್ಥಿ ತ್ಯಾವರೆಕೊಪ್ಪದ ಹತ್ತಿರದ ತನ್ನೂರಿನಿಂದ ಬಾವಿ ತೋಡಿದ ಮಣ್ಣು ತಂದಿದ್ದ. ಪರೀಕ್ಷೆ ಮಾಡಿ ಪುಸ್ತಕ ತೋರಿಸಿದ. ನೀರಿನಲ್ಲಿ 11, ಸೀಮೆಎಣ್ಣೆಯಲ್ಲಿ 13; ಉಬ್ಬರ ಸೊನ್ನೆಗಿಂತ ನೂರಕ್ಕೆ 15ರಷ್ಟು ಕೆಳಗೆ! "ಏನಪ್ಪಾ, ನೀರು ಕುಡಿದ ಮಣ್ಣು ಕುಗ್ಗುತ್ತದೆಯೇ? ಜಾಡಿ ಅದಲುಬದಲಾಗಿದೆ, ಇನ್ನೊಮ್ಮೆ ಮಾಡು" ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. "ಎರಡು ಸಲ ಮಾಡಿದೆ ಸಾರ್" ಎಂದ. ನಾನು ಕೇಳಲಿಲ್ಲ. ಮರುವಾರ ಬಂದ. ಎರಡು ಜಾಡಿಗಳಲ್ಲೂ 12, ಉಬ್ಬರ ಸೊನ್ನೆ. ಸಂತೋಷದಿಂದ ಸಹಿ ಹಾಕಿದೆ.

ಮೂರು ನಾಲ್ಕು ವರ್ಷಗಳ ತರುವಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎ. ಶ್ರೀಧರನ್ ಮತ್ತು ಅವರ ಸಂಗಡಿಗರು 1985ರಲ್ಲಿ ಪ್ರಕಟಿಸಿದ ಲೇಖನವೊಂದು ನನ್ನ ಕೈಸೇರಿತು. ಈ ಉಬ್ಬರದ ಸೂಚ್ಯಂಕವನ್ನು ಹೊಸದಾಗಿ ವ್ಯಾಖ್ಯಾನಿಸಬೇಕೆಂಬುದು ಅದರ ವಾದ. ಓದುತ್ತ ಓದುತ್ತ ನನ್ನ ಕಿವಿ ಬಿಸಿಯಾಯಿತು. ಕೆಂಪು ಮಣ್ಣುಗಳಲ್ಲಿ ಸಾಮಾನ್ಯವಾದ ಕೆಯೊಲಿನೈಟ್ ಎಂಬ ಜೇಡಿಯ ಕಣಗಳು ಸೀಮೆಎಣ್ಣೆಯಲ್ಲಿ ಒಂದಕ್ಕೊಂದು ಅಂಟಿ, ಸೌದೆ ರಾಶಿಯಂತೆ ನಡುನಡುವೆ ಪೊಳ್ಳು ಬಿಟ್ಟು ಕೂಡುತ್ತವೆ. ನೀರಿನಲ್ಲಿ ಅಷ್ಟು ಅಂಟದೆ ಒತ್ತೊತ್ತಾಗಿ ತಳ ಸೇರುತ್ತವೆ. ಎರೆಮಣ್ಣಿನ ಮಾಂಟ್‌ಮೊರಿಲೊನೈಟ್‌ನ ಸ್ವಭಾವ ಇದಕ್ಕೆ ತೀರ ವಿರುದ್ಧ. ಅದರ ಪದರಗಳ ನಡುವೆ ನೀರು ನುಗ್ಗಿ ಅವುಗಳನ್ನು ದೂರ ತಳ್ಳುತ್ತದೆ. ಜಾಡಿ ಅದಲುಬದಲಾಗಿರಲಿಲ್ಲ. ಹುಡುಗ ಕಂಡದ್ದನ್ನೇ ಬರೆದಿದ್ದ.

ಇದು ಪಂಡಿತರ ಕೂದಲು ಸೀಳುವ ಚರ್ಚೆಯೆಂದು ಕೇಳುಗರು ಭಾವಿಸಬಾರದು. ಮಲೆನಾಡಿನ ಕೆಂಪೂ ಬಯಲಿನ ಕಪ್ಪೂ ಸಂಧಿಸುವ ಸೀಮೆ ನಮ್ಮದು. ಎರಡೂ ಬೆರೆತ ಮಣ್ಣನ್ನು ಪರೀಕ್ಷಿಸಿದಾಗ ಕೆಂಪಿನ ಅಂಶ ಸೀಮೆಎಣ್ಣೆಯ ಜಾಡಿಯಲ್ಲಿ ಮೇಲೇರಿ, ಕಪ್ಪಿನ ಉಬ್ಬರವನ್ನು ಲೆಕ್ಕದಲ್ಲಿ ಮುಚ್ಚಿಬಿಡುತ್ತದೆ. ಕಾಗದದ ಮೇಲೆ ಸಾಧುವಾದ ಮಣ್ಣು, ಗೋಡೆಯ ಕೆಳಗೆ ಸಾಧುವಲ್ಲ. 2000ದಲ್ಲಿ ಶ್ರೀಧರನ್ ಅವರೂ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನ ಪ್ರಕಾಶ್ ಅವರೂ ಕಳೆಯುವ ಲೆಕ್ಕವನ್ನೇ ಬಿಟ್ಟು, ನೀರಿನ ಗಾತ್ರವನ್ನು ಸೀಮೆಎಣ್ಣೆಯ ಗಾತ್ರದಿಂದ ಭಾಗಿಸುವ ಪ್ರಮಾಣವನ್ನು ಮುಂದಿಟ್ಟರು. ಅದು ಒಂದಕ್ಕಿಂತ ಕಡಿಮೆಯಾದರೆ ಕೆಯೊಲಿನೈಟ್ ಜಾತಿ. ಒಂದರಿಂದ ಒಂದೂವರೆಯವರೆಗೆ ಬೆರಕೆ. ಅದಕ್ಕೂ ಮೇಲೆ ಉಬ್ಬುವ ಜಾತಿ. ಎಂಥ ಸರಳ ಲೆಕ್ಕ! ನನ್ನ ಪ್ರಯೋಗಶಾಲೆಯಲ್ಲೂ ಅವೇ ಎರಡು ಜಾಡಿಗಳಿದ್ದವು.

ಅಂದಿನಿಂದ ತರಗತಿಯಲ್ಲಿ ನನ್ನ ತಪ್ಪನ್ನು ಹೇಳಿಯೇ ಆ ಪಾಠ ಆರಂಭಿಸುತ್ತಿದ್ದೆ. ಆದರೆ ಹೇಳಬೇಕಾದವನಿಗೆ ಹೇಳಿರಲಿಲ್ಲ. ನಿವೃತ್ತನಾದ ಮೇಲೆ ಒಂದು ದಿನ ಶಿವಮೊಗ್ಗೆಯ ಬಸ್ ನಿಲ್ದಾಣದಲ್ಲಿ ಆತನೇ ಗುರುತು ಹಿಡಿದು ನಮಸ್ಕರಿಸಿದ. ತಲೆ ನರೆತಿತ್ತು. ಕಟ್ಟಡಗಳಿಗೆ ಮಣ್ಣಿನ ವರದಿ ಬರೆದುಕೊಡುವುದೇ ಕಸುಬೆಂದ. ನಾನು ಆ ಹಳೆಯ ಅಂಕಿಗಳ ಮಾತೆತ್ತಿದೆ. ಆತ ನಕ್ಕುಬಿಟ್ಟ. "ನೀವು ಹೊಡೆದುಹಾಕಿದ್ದೇ ಒಳ್ಳೆಯದಾಯಿತು ಸಾರ್. ಆಮೇಲೆ ಯಾವತ್ತೂ ನಾನು ಸೊನ್ನೆಗಿಂತ ಕೆಳಗೆ ಬರೆದಿಲ್ಲ. ಯಾರೂ ಪ್ರಶ್ನೆ ಕೇಳಿಲ್ಲ."

ಬಸ್ಸು ಬಂತು, ಆತ ಹತ್ತಿ ಹೋದ.

ಮರುದಿನವೇ ತ್ಯಾವರೆಕೊಪ್ಪದ ಕಡೆ ಹೋಗಿ ಒಂದು ಪೊಟ್ಟಣ ಮಣ್ಣು ತಂದೆ. ಇಂದು ಸೀಮೆಎಣ್ಣೆ ದೊರಕಿಸುವುದೇ ಒಂದು ಸಾಹಸ. ಮನೆಯಾಕೆಯ ಆಕ್ಷೇಪಣೆ ಬೇರೆ. ಅಂತೂ ಕಿಟಕಿಯ ಹತ್ತಿರ ಜಾಡಿಗಳನ್ನಿಟ್ಟು ಒಂದು ರಾತ್ರಿ, ಒಂದು ಹಗಲು ಕಾದೆ. ನೀರಿನಲ್ಲಿ 11, ಸೀಮೆಎಣ್ಣೆಯಲ್ಲಿ 13. ಒಂದು ಅಂಚೆ ಕಾರ್ಡಿನಲ್ಲಿ ಆ ಎರಡು ಅಂಕಿಗಳನ್ನೂ ಕೆಳಗೆ ನನ್ನ ಸಹಿಯನ್ನೂ ಹಾಕಿ, ಅವನ ವಿಳಾಸ ವಿಚಾರಿಸಿ ಕಳುಹಿಸಿದೆ.